ಹಲಸೂರಿನ ಪೂರ್ವದ ವಿಮಾನೋದ್ಯಮ ಮತ್ತು ಬೃಹತ್ ಪ್ರಯಾಣಿಕ ವಿಮಾನಗಳ ವಾಣಿಜ್ಯಿಕ ಅಪಾಯ: ಒಂದು ಚಾರಿತ್ರಿಕ ಅವಲೋಕನ

ಪೀಠಿಕೆ

ಹಲಸೂರು ತನ್ನ ಕೆರೆಯಿಂದಲೂ ಸೋಮೇಶ್ವರ ದೇವಾಲಯದಿಂದಲೂ ಪ್ರಸಿದ್ಧವಾದ ಪ್ರಾಚೀನ ಊರು. 19ನೆಯ ಶತಮಾನದ ಆರಂಭದಲ್ಲಿ ಬ್ರಿಟಿಷರ ದಂಡು ನೆಲೆಗೊಂಡ ಬಳಿಕ ಇದು ಸಿವಿಲ್ ಮತ್ತು ಮಿಲಿಟರಿ ಸ್ಟೇಷನ್ನಿನ ಭಾಗವಾಯಿತು. ಇಲ್ಲಿಂದ ಪೂರ್ವಕ್ಕೆ ದೊಮ್ಮಲೂರು, ಕೋಡಿಹಳ್ಳಿ, ಮುರುಗೇಶಪಾಳ್ಯಗಳನ್ನು ಹಾದು ವಿಮಾನಪುರವನ್ನು ಸೇರುವ ಮಾರ್ಗಕ್ಕೆ ಇಂದು ಹಳೆಯ ವಿಮಾನ ನಿಲ್ದಾಣ ರಸ್ತೆ ಎಂಬ ಹೆಸರಿದೆ. ಇಂದಿರಾನಗರದ ಪರಿಸರದಲ್ಲಿ ಎಚ್.ಎ.ಎಲ್. 2ನೇ ಹಂತ, 3ನೇ ಹಂತ ಎಂಬ ಬಡಾವಣೆಗಳ ಹೆಸರುಗಳೂ ಈ ಪ್ರದೇಶದ ಮೇಲೆ ವಿಮಾನ ಕಾರ್ಖಾನೆ ಬೀರಿದ ಪ್ರಭಾವಕ್ಕೆ ಸಾಕ್ಷಿಯಾಗಿವೆ.

ಈ ಕಾರ್ಖಾನೆಯ ಚರಿತ್ರೆಯನ್ನು ಸಾಮಾನ್ಯವಾಗಿ ರಕ್ಷಣಾ ಸಿದ್ಧತೆಯ ಅಥವಾ ವಿಜ್ಞಾನದ ಪ್ರಗತಿಯ ದೃಷ್ಟಿಯಿಂದ ಬರೆಯಲಾಗಿದೆ. ವ್ಯಾಪಾರದ ದೃಷ್ಟಿಯಿಂದ ಅದನ್ನು ಪರಿಶೀಲಿಸಿದ ಪ್ರಯತ್ನಗಳು ವಿರಳ. ವಿಮಾನವನ್ನು ರೂಪಿಸಲು ಹಣ ಹೂಡಿದ ಮೇಲೆ ಅದನ್ನು ಕೊಳ್ಳುವವರು ಬಾರದೆ ಹೋದರೆ, ಅಥವಾ ನಿರೀಕ್ಷಿಸಿದ ಸಂಖ್ಯೆಯಲ್ಲಿ ಬಾರದೆ ಹೋದರೆ, ಆ ನಷ್ಟವನ್ನು ಯಾರು ಹೊರುತ್ತಾರೆ? ಪ್ರಸ್ತುತ ಪ್ರಬಂಧದಲ್ಲಿ ‘ವಾಣಿಜ್ಯಿಕ ಅಪಾಯ’ ಎಂಬ ಮಾತನ್ನು ಈ ಅರ್ಥದಲ್ಲಿ ಬಳಸಲಾಗಿದೆ.

ನೂರಾರು ಆಸನಗಳ ಬೃಹತ್ ಪ್ರಯಾಣಿಕ ವಿಮಾನ ಬೆಂಗಳೂರಿನಲ್ಲಿ ಎಂದೂ ತಯಾರಾಗಿಲ್ಲ. ಆದರೂ ಆ ವಿಮಾನಗಳ ಜೊತೆಗಿಟ್ಟು ಈ ಊರಿನ ಅನುಭವವನ್ನು ನೋಡುವುದು ಉಪಯುಕ್ತ. ವಿಮಾನ ತಯಾರಿಕೆಯ ಅಪಾಯ ಅತ್ಯಂತ ಸ್ಪಷ್ಟವಾಗಿ ಕಾಣುವುದು ಅದರ ಅತಿ ದೊಡ್ಡ ರೂಪದಲ್ಲಿ. ಬೆಂಗಳೂರಾದರೋ ಅದೇ ಅಪಾಯವನ್ನು ತಯಾರಕನಾಗಿ, ಖರೀದಿದಾರನಾಗಿ, ಬಿಡಿಭಾಗಗಳ ಪೂರೈಕೆದಾರನಾಗಿ ಮೂರು ನೆಲೆಗಳಲ್ಲಿ ಎದುರಿಸಿದೆ. ಈ ಮೂರು ನೆಲೆಗಳನ್ನು ಪರಿಶೀಲಿಸುವುದು ಇಲ್ಲಿನ ಉದ್ದೇಶ.

ಅಪಾಯದ ಸ್ವರೂಪ

ವಿಮಾನ ತಯಾರಿಕೆಯಲ್ಲಿ ಖರ್ಚಿನ ಬಹುಪಾಲು ಮೊದಲನೆಯ ವಿಮಾನ ಮಾರಾಟವಾಗುವ ಮುನ್ನವೇ ಆಗಿಹೋಗಿರುತ್ತದೆ. ವಿನ್ಯಾಸ, ಪರೀಕ್ಷೆ, ಅಚ್ಚುಗಳು, ಕಾರ್ಖಾನೆಯ ಕಟ್ಟಡ ಇವೆಲ್ಲಕ್ಕೂ ಮುಂಗಡವಾಗಿಯೇ ಬಂಡವಾಳ ಬೇಕು. ಆ ಹಣ ಮರಳುವುದು ನೂರಾರು ವಿಮಾನಗಳು ಮಾರಾಟವಾದ ಮೇಲೆ. ಇದರೊಡನೆ ಇನ್ನೊಂದು ನಿಯಮವೂ ಸೇರಿಕೊಂಡಿದೆ. ಅಮೆರಿಕದ ಕರ್ಟಿಸ್-ರೈಟ್ ಸಂಸ್ಥೆಯ ಟಿ.ಪಿ. ರೈಟ್ ಎಂಬ ಎಂಜಿನಿಯರ್ 1936ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ತಯಾರಾದ ವಿಮಾನಗಳ ಸಂಖ್ಯೆ ಇಮ್ಮಡಿಯಾದಾಗಲೆಲ್ಲ ಪ್ರತಿ ವಿಮಾನಕ್ಕೆ ತಗಲುವ ಶ್ರಮ ಸುಮಾರು ಶೇಕಡ 20ರಷ್ಟು ಇಳಿಯುತ್ತದೆ. ಕೆಲಸಗಾರರ ಕೈ ಪಳಗುವುದೇ ಇದಕ್ಕೆ ಕಾರಣ. ಹೀಗಾಗಿ ಕಡಮೆ ಸಂಖ್ಯೆಯಲ್ಲಿ ವಿಮಾನ ತಯಾರಿಸುವವನಿಗೆ ಎರಡು ಬಗೆಯ ನಷ್ಟ: ಮೂಲ ಬಂಡವಾಳ ಮರಳುವುದಿಲ್ಲ, ತಯಾರಿಕೆಯ ವೆಚ್ಚವೂ ಇಳಿಯುವುದಿಲ್ಲ.

ವಿಮಾನದ ಗಾತ್ರ ಹೆಚ್ಚಿದಂತೆ ಈ ಅಪಾಯವೂ ಹೆಚ್ಚುತ್ತದೆ. ಬಂಡವಾಳ ಬೆಳೆಯುತ್ತದೆ, ಅಷ್ಟು ದೊಡ್ಡ ವಿಮಾನವನ್ನು ತುಂಬಿಸಬಲ್ಲ ಮಾರ್ಗಗಳೂ ಕೊಳ್ಳಬಲ್ಲ ಸಂಸ್ಥೆಗಳೂ ಕಡಮೆಯಾಗುತ್ತವೆ. ಬ್ರಿಟನ್ನಿನ ಬ್ರಿಸ್ಟಲ್ ಬ್ರಬಜಾನ್ ಎಂಬ ಬೃಹತ್ ವಿಮಾನ 1949ರಲ್ಲಿ ಹಾರಿತು. ಅದನ್ನು ಕೊಳ್ಳುವವರು ಯಾರೂ ದೊರೆಯದೆ, ಹಾರಿದ ಒಂದೇ ಒಂದು ವಿಮಾನವನ್ನು 1953ರಲ್ಲಿ ಒಡೆದುಹಾಕಲಾಯಿತು.

ಯಶಸ್ವಿ ಎನಿಸಿದ ವಿಮಾನಗಳ ಚರಿತ್ರೆಯೂ ನಿರಾತಂಕವಾಗಿರಲಿಲ್ಲ. ಬೋಯಿಂಗ್ ಸಂಸ್ಥೆ 1966ರಲ್ಲಿ ಪ್ಯಾನ್ ಅಮೆರಿಕನ್ ಸಂಸ್ಥೆಯಿಂದ 25 ವಿಮಾನಗಳ ಬೇಡಿಕೆ ಪಡೆದು 747ರ ನಿರ್ಮಾಣಕ್ಕೆ ಕೈಹಾಕಿತು. ಎಂಜಿನ್‌ಗಳ ದೋಷದಿಂದ ಪೂರ್ಣಗೊಂಡ ವಿಮಾನಗಳು ಕಾರ್ಖಾನೆಯ ಬಯಲಿನಲ್ಲಿ ನಿಂತವು. ಅದೇ ಸಮಯದಲ್ಲಿ ವಿಮಾನಗಳ ಬೇಡಿಕೆ ಕುಸಿಯಿತು. 1967ರಲ್ಲಿ ಸಿಯಾಟಲ್ ಪ್ರದೇಶದಲ್ಲಿ ಒಂದು ಲಕ್ಷದಷ್ಟಿದ್ದ ಬೋಯಿಂಗ್ ಕೆಲಸಗಾರರ ಸಂಖ್ಯೆ 1971ರ ಏಪ್ರಿಲ್ ಹೊತ್ತಿಗೆ 40 ಸಾವಿರಕ್ಕಿಂತ ಕೆಳಗಿಳಿಯಿತು. ಇದಕ್ಕೆ 747 ಒಂದೇ ಕಾರಣವಲ್ಲದಿದ್ದರೂ, ಅದಕ್ಕಾಗಿ ಮಾಡಿದ ಸಾಲ ಸಂಸ್ಥೆಯ ಶಕ್ತಿಯನ್ನು ಕುಂದಿಸಿತ್ತು. ಮುಂದೆ 747 ಲಾಭದಾಯಕವಾಯಿತು. 2023ರ ಜನವರಿಯಲ್ಲಿ ಕೊನೆಯದನ್ನು ಹಸ್ತಾಂತರಿಸುವವರೆಗೆ 1574 ವಿಮಾನಗಳು ತಯಾರಾದವು. ಆದರೆ ಆರಂಭದ ವರ್ಷಗಳಲ್ಲಿ ಕೆಲಸ ಕಳೆದುಕೊಂಡವರಿಗೆ ಆ ಲಾಭದಲ್ಲಿ ಪಾಲು ಸಿಗಲಿಲ್ಲ.

ಇದೇ ಅವಧಿಯಲ್ಲಿ ಲಾಕ್‌ಹೀಡ್ ಸಂಸ್ಥೆಯ ಟ್ರೈಸ್ಟಾರ್ ವಿಮಾನಕ್ಕೆ ಎಂಜಿನ್ ರೂಪಿಸಲು ಹೊರಟ ರೋಲ್ಸ್-ರಾಯ್ಸ್ ಸಂಸ್ಥೆ 1971ರ ಫೆಬ್ರವರಿಯಲ್ಲಿ ದಿವಾಳಿಯಾಯಿತು. ಬ್ರಿಟಿಷ್ ಸರ್ಕಾರ ಅದನ್ನು ರಾಷ್ಟ್ರೀಕರಿಸಿತು. ಅಮೆರಿಕದ ಸರ್ಕಾರ ಲಾಕ್‌ಹೀಡ್‌ನ ಸಾಲಕ್ಕೆ ಜಾಮೀನು ನಿಂತಿತು. ಒಟ್ಟು 250 ಟ್ರೈಸ್ಟಾರ್‌ಗಳನ್ನು ನಿರ್ಮಿಸಿದ ಮೇಲೆ ಲಾಕ್‌ಹೀಡ್ ಪ್ರಯಾಣಿಕ ವಿಮಾನಗಳ ವ್ಯಾಪಾರವನ್ನೇ ಬಿಟ್ಟಿತು. ಖಾಸಗಿ ಸಂಸ್ಥೆಗಳ ಲೆಕ್ಕಾಚಾರ ತಪ್ಪಿದಾಗ ಅಪಾಯ ಸರ್ಕಾರದ ಬೊಕ್ಕಸಕ್ಕೆ ವರ್ಗವಾದದ್ದು ಇಲ್ಲಿ ಗಮನಾರ್ಹ.

ಮೈಸೂರು ಸಂಸ್ಥಾನ ಮತ್ತು ಖಾಸಗಿ ಬಂಡವಾಳ

ಅಪಾಯ ಹೀಗೆ ಸರ್ಕಾರಕ್ಕೆ ವರ್ಗವಾಗುವ ಕ್ರಿಯೆ ಬೆಂಗಳೂರಿನಲ್ಲಿ ಇದಕ್ಕಿಂತ ಮೂರು ದಶಕ ಮೊದಲೇ ನಡೆದಿತ್ತು. 1940ರ ಡಿಸೆಂಬರ್ 23ರಂದು ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಸಹಯೋಗದಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಲಿಮಿಟೆಡ್ ಸಂಸ್ಥೆಯನ್ನು ಸ್ಥಾಪಿಸಿದರು. ಅಧಿಕೃತ ಬಂಡವಾಳ 4 ಕೋಟಿ ರೂಪಾಯಿ. ಅಮೆರಿಕದ ವಿಲಿಯಂ ಪಾಲಿ ತಾಂತ್ರಿಕ ನೆರವನ್ನು ಒದಗಿಸಿದರು. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಆಡಳಿತ ಬೆಂಗಳೂರಿನ ಪೂರ್ವದಲ್ಲಿ ಜಮೀನು ಒದಗಿಸಿ ಉದ್ಯಮವನ್ನು ಬರಮಾಡಿಕೊಂಡಿತು. ಹಲಸೂರು ಆಗ ಬ್ರಿಟಿಷ್ ಆಡಳಿತದ ದಂಡಿನಲ್ಲಿತ್ತು. ಕಾರ್ಖಾನೆ ಅದರಾಚೆಯ ಮೈಸೂರಿನ ನೆಲದಲ್ಲಿ ಎದ್ದಿತು. ಭದ್ರಾವತಿಯ ಕಬ್ಬಿಣ, ಸಾಬೂನು, ಗಂಧದೆಣ್ಣೆ, ಪಿಂಗಾಣಿ ಮುಂತಾದ ಕೈಗಾರಿಕೆಗಳಲ್ಲಿ ಸಂಸ್ಥಾನ ಅನುಸರಿಸುತ್ತ ಬಂದಿದ್ದ ನೀತಿಯ ಮುಂದುವರಿಕೆಯೇ ಇದಾಗಿತ್ತು.

1941ರ ಮಾರ್ಚ್ ತಿಂಗಳಲ್ಲಿ ಭಾರತ ಸರ್ಕಾರ ಸಂಸ್ಥೆಯ ಮೂರನೆಯ ಒಂದು ಪಾಲನ್ನು ಪಡೆಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಇಲ್ಲಿ ಜೋಡಿಸಿದ ಹಾರ್ಲೋ ತರಬೇತಿ ವಿಮಾನ ಹಾರಿತು. ಕರ್ಟಿಸ್ ಹಾಕ್ ಯುದ್ಧವಿಮಾನದ ಕೆಲಸವೂ ಆರಂಭವಾಯಿತು. ಆದರೆ ಜಪಾನ್ ಯುದ್ಧಕ್ಕೆ ಇಳಿದ ಮೇಲೆ ಪರಿಸ್ಥಿತಿ ಬದಲಾಯಿತು. 1942ರಲ್ಲಿ ಸರ್ಕಾರ ವಾಲ್‌ಚಂದ್ ಸಮೂಹದ ಪಾಲನ್ನು ಕೊಂಡು ಆಡಳಿತವನ್ನು ಕೈಗೆತ್ತಿಕೊಂಡಿತು. ಮೈಸೂರು ಸರ್ಕಾರ ತನ್ನ ಪಾಲನ್ನು ಉಳಿಸಿಕೊಂಡರೂ ಯುದ್ಧಕಾಲದ ಆಡಳಿತದಿಂದ ದೂರ ಉಳಿಯಲು ಒಪ್ಪಿತು. ಹೊಸ ವಿಮಾನಗಳ ತಯಾರಿಕೆ ಹಿಂದಾಗಿ, ಮಿತ್ರರಾಷ್ಟ್ರಗಳ ವಿಮಾನಗಳ ರಿಪೇರಿಯೇ ಮುಖ್ಯ ಕೆಲಸವಾಯಿತು. 1943ರಲ್ಲಿ ಕಾರ್ಖಾನೆ ಅಮೆರಿಕದ ವಾಯುಪಡೆಯ ಕೈಗೆ ಬಂದು ಅದರ 84ನೆಯ ಏರ್ ಡಿಪೋ ಆಗಿ ಕೆಲಸ ಮಾಡಿತು.

ಈ ಘಟನೆಯನ್ನು ಸಾಮಾನ್ಯವಾಗಿ ವಸಾಹತು ಸರ್ಕಾರವು ದೇಶೀಯ ಉದ್ಯಮಿಗೆ ಒಡ್ಡಿದ ಅಡ್ಡಿಯ ದೃಷ್ಟಾಂತವಾಗಿ ವಿವರಿಸಲಾಗುತ್ತದೆ. ಆ ವಿವರಣೆಯಲ್ಲಿ ಹುರುಳಿಲ್ಲದಿಲ್ಲ. ವ್ಯಾಪಾರದ ದೃಷ್ಟಿಯಿಂದ ನೋಡಿದಾಗ ಮತ್ತೊಂದು ಅಂಶವೂ ಗೋಚರಿಸುತ್ತದೆ. ಸಂಸ್ಥೆಗೆ ಇದ್ದ ಗ್ರಾಹಕ ಸರ್ಕಾರವೊಂದೇ. ಆ ಗ್ರಾಹಕನ ಅಗತ್ಯ ತಯಾರಿಕೆಯಿಂದ ರಿಪೇರಿಗೆ ಬದಲಾದೊಡನೆ ಕಾರ್ಖಾನೆಯ ಸ್ವರೂಪವೇ ಬದಲಾಯಿತು. ಒಬ್ಬನೇ ಗ್ರಾಹಕನನ್ನು ನಂಬಿದ ತಯಾರಕನಿಗೆ ಬೇಡಿಕೆಯ ಭದ್ರತೆ ಇರಬಹುದು, ಸ್ವಾತಂತ್ರ್ಯ ಇರುವುದಿಲ್ಲ. ಹದಿನಾರು ತಿಂಗಳ ಒಳಗೆ ಖಾಸಗಿ ಬಂಡವಾಳ ಹಿಂದೆ ಸರಿದದ್ದರಿಂದ ವಿಮಾನ ತಯಾರಿಕೆಯ ಅಪಾಯ ಪೂರ್ಣವಾಗಿ ಸರ್ಕಾರದ್ದಾಯಿತು, ಎಚ್.ಎ.ಎಲ್. ಬಹು ದೀರ್ಘಕಾಲ ಆ ಆಶ್ರಯದಲ್ಲಿಯೇ ಬೆಳೆಯಿತು.

ರೈಲುಗಾಡಿಯಿಂದ ಆವ್ರೋವರೆಗೆ

ಯುದ್ಧ ಮುಗಿದಾಗ ಕಾರ್ಖಾನೆಯ ಮುಂದೆ ಕೆಲಸದ ಅಭಾವ ತಲೆದೋರಿತು. ಯುದ್ಧದಲ್ಲಿ ಉಳಿದ ಡಕೋಟಾ ವಿಮಾನಗಳು ಅಗ್ಗದ ಬೆಲೆಗೆ ಧಾರಾಳವಾಗಿ ದೊರೆಯುತ್ತಿದ್ದಾಗ ಹೊಸ ಪ್ರಯಾಣಿಕ ವಿಮಾನವನ್ನು ಕೊಳ್ಳುವವರು ಇರಲಿಲ್ಲ. ಎಚ್.ಎ.ಎಲ್. ಆ ಡಕೋಟಾಗಳನ್ನೇ ನಾಗರಿಕ ಬಳಕೆಗೆ ತಕ್ಕಂತೆ ಮಾರ್ಪಡಿಸಿಕೊಡುವ ಕೆಲಸವನ್ನು ಹಿಡಿಯಿತು. ಜೊತೆಗೆ ಲೋಹದ ರೈಲು ಬೋಗಿಗಳನ್ನೂ ಬಸ್ಸುಗಳ ಒಡಲುಗಳನ್ನೂ ತಯಾರಿಸಿತು. ವಿಮಾನದ ತಗಡು ಬಡಿಯುವ ಕೌಶಲ ರೈಲು ಬೋಗಿಗೂ ಸಲ್ಲುವಂಥದ್ದು. ವಿಮಾನದ ಕೆಲಸ ಇಲ್ಲದಾಗ ಕೆಲಸಗಾರರನ್ನು ಕಾರ್ಖಾನೆಯಲ್ಲಿ ಉಳಿಸಿಕೊಂಡ ಈ ವ್ಯವಸ್ಥೆ ಅಪಾಯವನ್ನು ತಗ್ಗಿಸಿದ ವಿವೇಕದ ನಡೆ. ಆ ರೈಲು ಬೋಗಿ ವಿಭಾಗವೇ 1964ರಲ್ಲಿ ಸ್ಥಾಪಿತವಾದ ಭಾರತ್ ಅರ್ಥ್ ಮೂವರ್ಸ್ ಸಂಸ್ಥೆಯ ಪಾಲಾಯಿತು.

ಡಕೋಟಾಗಳನ್ನು ಅಗ್ಗವಾಗಿ ಕೊಂಡು ಹುಟ್ಟಿಕೊಂಡ ವಿಮಾನಯಾನ ಸಂಸ್ಥೆಗಳ ಗತಿ ಇದಕ್ಕೆ ಭಿನ್ನವಾಗಿತ್ತು. ಪ್ರಯಾಣಿಕರ ಸಂಖ್ಯೆಗೆ ಹೋಲಿಸಿದರೆ ಸಂಸ್ಥೆಗಳ ಸಂಖ್ಯೆಯೇ ಹೆಚ್ಚಾಗಿ ಅವುಗಳಲ್ಲಿ ಬಹುಪಾಲು ನಷ್ಟಕ್ಕೆ ಸಿಲುಕಿದವು. 1953ರ ರಾಷ್ಟ್ರೀಕರಣದಲ್ಲಿ ಅವು ಇಂಡಿಯನ್ ಏರ್‌ಲೈನ್ಸ್ ಸಂಸ್ಥೆಯಲ್ಲಿ ವಿಲೀನಗೊಂಡವು. ಇಲ್ಲಿಯೂ ನಷ್ಟ ಕೊನೆಗೆ ಬಂದು ಸೇರಿದ್ದು ಸರ್ಕಾರದ ಲೆಕ್ಕಕ್ಕೆ.

ಡಾ. ವಿ.ಎಂ. ಘಾಟಗೆ ಅವರ ನೇತೃತ್ವದಲ್ಲಿ ರೂಪುಗೊಂಡ ಎಚ್.ಟಿ.-2 ತರಬೇತಿ ವಿಮಾನ 1951ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಹಾರಿ ದೇಶೀಯ ವಿನ್ಯಾಸದ ಸಾಮರ್ಥ್ಯವನ್ನು ಸಿದ್ಧಪಡಿಸಿತು. ಪ್ರಯಾಣಿಕ ವಿಮಾನದ ಕೆಲಸವಾದರೋ ಕಾನ್ಪುರದಲ್ಲಿ ನಡೆಯಿತು. ಬ್ರಿಟಿಷ್ ವಿನ್ಯಾಸದ ಆವ್ರೋ 748 ಅಲ್ಲಿ ಜೋಡಣೆಗೊಂಡು 1961ರ ನವೆಂಬರ್‌ನಲ್ಲಿ ಮೊದಲ ಬಾರಿಗೆ ಹಾರಿತು. ಕಾನ್ಪುರದ ಘಟಕ 1964ರಲ್ಲಿ ಬೆಂಗಳೂರಿನ ಸಂಸ್ಥೆಯೊಡನೆ ಸೇರಿ, ಹಿಂದೂಸ್ತಾನ್ ಏರೋನಾಟಿಕ್ಸ್ ಲಿಮಿಟೆಡ್ ಎಂಬ ಇಂದಿನ ಹೆಸರು ಬಂದಿತು. 1980ರ ದಶಕದವರೆಗೆ ಅಲ್ಲಿ ತಯಾರಾದ ಆವ್ರೋಗಳ ಒಟ್ಟು ಸಂಖ್ಯೆ 89. ವಾಯುಪಡೆ ಮತ್ತು ಇಂಡಿಯನ್ ಏರ್‌ಲೈನ್ಸ್ ಎಂಬ ಸರ್ಕಾರದ ಎರಡು ಅಂಗಗಳೇ ಮುಖ್ಯ ಗ್ರಾಹಕರು. ರೈಟ್ ಹೇಳಿದ ನಿಯಮಕ್ಕೆ ಹೋಲಿಸಿದರೆ ಎರಡು ದಶಕಗಳಿಗೂ ಮಿಕ್ಕ ಕಾಲದಲ್ಲಿ 89 ಎಂಬುದು ವೆಚ್ಚ ಇಳಿಯಲು ಸಾಲದ ಸಂಖ್ಯೆ. ವಾಣಿಜ್ಯದ ಪರೀಕ್ಷೆಗೆ ಒಡ್ಡಿಕೊಳ್ಳದ ತಯಾರಿಕೆಗೆ ದಿವಾಳಿಯ ಭಯವಿಲ್ಲ. ಮಾರುಕಟ್ಟೆಯನ್ನು ಅರಿಯುವ ಅವಕಾಶವೂ ಇಲ್ಲ.

ಖರೀದಿದಾರನ ಅಪಾಯ

ವಿಮಾನವನ್ನು ಕೊಳ್ಳುವವನ ಅಪಾಯ ತಯಾರಕನ ಅಪಾಯಕ್ಕಿಂತ ಕಡಮೆಯದೇನಲ್ಲ. 1990ರ ಫೆಬ್ರವರಿ 14ರಂದು ಇಂಡಿಯನ್ ಏರ್‌ಲೈನ್ಸ್‌ನ ಏರ್‌ಬಸ್ ಎ320 ವಿಮಾನ ಎಚ್.ಎ.ಎಲ್. ನಿಲ್ದಾಣದಲ್ಲಿ ಇಳಿಯುವ ಮುನ್ನ ರನ್‌ವೇಯಿಂದ ಈಚೆಗೇ ನೆಲಕ್ಕಪ್ಪಳಿಸಿತು. ಅದರಲ್ಲಿದ್ದ 146 ಜನರಲ್ಲಿ 92 ಮಂದಿ ಮೃತರಾದರು. ಹೊಸದಾಗಿ ಕೊಂಡ ಎ320 ವಿಮಾನಗಳೆಲ್ಲವನ್ನೂ ಸರ್ಕಾರ ತಿಂಗಳುಗಟ್ಟಲೆ ನೆಲದಲ್ಲೇ ನಿಲ್ಲಿಸಿತು. ಪ್ರಾಣಹಾನಿಯ ಮುಂದೆ ಹಣದ ನಷ್ಟ ಗೌಣ. ಆದರೂ ಒಂದೇ ಹೊಸ ಮಾದರಿಯನ್ನು ನೆಚ್ಚಿದ ಸಂಸ್ಥೆಯ ವ್ಯವಹಾರ ಒಂದು ಘಟನೆಯಿಂದ ಎಷ್ಟು ಕುಂಠಿತವಾಗಬಲ್ಲದು ಎಂಬುದನ್ನು ಈ ದುರಂತ ತೋರಿಸಿತು.

ಬೃಹತ್ ವಿಮಾನದ ಖರೀದಿಯೊಡನೆ ಬೆಂಗಳೂರಿಗೆ ನೇರ ಸಂಬಂಧ ಒದಗಿದ್ದು 2005ರಲ್ಲಿ. ಯು.ಬಿ. ಸಮೂಹದ ಕಿಂಗ್‌ಫಿಷರ್ ಏರ್‌ಲೈನ್ಸ್ ಆ ವರ್ಷದ ಮೇ 9ರಂದು ಹಾರಾಟ ಆರಂಭಿಸಿತು. ಮರುತಿಂಗಳೇ ಪ್ಯಾರಿಸ್ ವಿಮಾನ ಪ್ರದರ್ಶನದಲ್ಲಿ ಐದು ಎ380 ವಿಮಾನಗಳಿಗೆ ಬೇಡಿಕೆ ಸಲ್ಲಿಸಿತು. ಎ380 ಎರಡು ಅಂತಸ್ತುಗಳ, ಮೂರು ದರ್ಜೆಗಳಲ್ಲಿ ಸುಮಾರು 525 ಆಸನಗಳ ವಿಮಾನ. ಏರ್‌ಬಸ್ ಸಂಸ್ಥೆ 2000ದ ಡಿಸೆಂಬರ್‌ನಲ್ಲಿ ಈ ಯೋಜನೆಗೆ ಕೈಹಾಕುವಾಗ, ದೊಡ್ಡ ನಗರಗಳ ನಿಲ್ದಾಣಗಳಲ್ಲಿ ಸ್ಥಳಾಭಾವ ಹೆಚ್ಚಿ, ಒಂದೇ ಹಾರಾಟದಲ್ಲಿ ಹೆಚ್ಚು ಜನರನ್ನು ಒಯ್ಯುವುದು ಅನಿವಾರ್ಯವಾಗುತ್ತದೆ ಎಂದು ಎಣಿಸಿತ್ತು. ಇಂಥ ವಿಮಾನಗಳಿಗೆ ಸಾವಿರಕ್ಕೂ ಮೇಲ್ಪಟ್ಟ ಬೇಡಿಕೆ ಇದೆಯೆಂಬುದು ಅದರ ಅಂದಾಜು. ಬೋಯಿಂಗ್ ಇದಕ್ಕೆ ಪ್ರತಿಯಾಗಿ, ಪ್ರಯಾಣಿಕರು ನಡುವೆ ವಿಮಾನ ಬದಲಿಸದೆ ನೇರವಾಗಿ ಊರಿಂದೂರಿಗೆ ಹೋಗಲು ಬಯಸುತ್ತಾರೆಂದು ನಂಬಿ ಎರಡು ಎಂಜಿನ್‌ಗಳ 787 ವಿಮಾನವನ್ನು ರೂಪಿಸಿತು.

ಏರ್‌ಬಸ್‌ನ ಎಣಿಕೆ ಎರಡು ಕಡೆ ತಪ್ಪಿತು. ಮೊದಲನೆಯದು ಕಾಲದ ಎಣಿಕೆ. ಜರ್ಮನಿಯ ಹ್ಯಾಂಬರ್ಗ್ ಮತ್ತು ಫ್ರಾನ್ಸಿನ ಟುಲೂಸ್ ಘಟಕಗಳು ವಿನ್ಯಾಸದ ತಂತ್ರಾಂಶದ ಬೇರೆ ಬೇರೆ ಆವೃತ್ತಿಗಳನ್ನು ಬಳಸಿದ್ದರಿಂದ ವಿಮಾನದೊಳಗಿನ ನೂರಾರು ಕಿಲೋಮೀಟರ್ ವಿದ್ಯುತ್ ತಂತಿಗಳು ಜೋಡಣೆಯ ವೇಳೆ ಹೊಂದಿಕೊಳ್ಳಲಿಲ್ಲ. 2006ರ ಜೂನ್‌ನಲ್ಲಿ ವಿಳಂಬ ಪ್ರಕಟವಾದಾಗ ಮಾತೃಸಂಸ್ಥೆಯ ಷೇರಿನ ಬೆಲೆ ಒಂದೇ ದಿನ ಕಾಲು ಭಾಗದಷ್ಟು ಕುಸಿಯಿತು. ಎರಡನೆಯದು ಮಾರುಕಟ್ಟೆಯ ಎಣಿಕೆ. ಎರಡು ಎಂಜಿನ್‌ಗಳ ದೂರಗಾಮಿ ವಿಮಾನಗಳು ಕಡಮೆ ಇಂಧನದಲ್ಲಿ ಅದೇ ದೂರ ಕ್ರಮಿಸತೊಡಗಿದಾಗ, ನಾಲ್ಕು ಎಂಜಿನ್‌ಗಳ ಬೃಹತ್ ವಿಮಾನ ಪೂರ್ತಿ ತುಂಬಿದರೆ ಮಾತ್ರ ಲಾಭ ಎಂಬ ಸ್ಥಿತಿ ಬಂದಿತು. 2021ರ ಡಿಸೆಂಬರ್‌ನಲ್ಲಿ ಕೊನೆಯ ಎ380 ಹಸ್ತಾಂತರವಾದಾಗ ಒಟ್ಟು ಸಂಖ್ಯೆ 251. ಅವುಗಳಲ್ಲಿ 123 ದುಬೈನ ಎಮಿರೇಟ್ಸ್ ಸಂಸ್ಥೆಯೊಂದಕ್ಕೇ ಸಂದವು. ಯುರೋಪಿನ ಸರ್ಕಾರಗಳು ವಿಮಾನಗಳ ಹಸ್ತಾಂತರವನ್ನು ನೆಚ್ಚಿ ಮರಳಿ ಪಡೆಯುವ ಷರತ್ತಿನ ಮೇಲೆ ಸಾಲ ನೀಡಿದ್ದವು. ಸಂಖ್ಯೆ ಕುಗ್ಗಿದಾಗ ಆ ಸರ್ಕಾರಗಳೂ ನಷ್ಟದಲ್ಲಿ ಪಾಲುದಾರರಾದವು.

ಕಿಂಗ್‌ಫಿಷರ್‌ಗೆ ಒಂದೂ ಎ380 ಬರಲಿಲ್ಲ. 2007ರ ಮೇ ತಿಂಗಳಲ್ಲಿ ಈ ವಿಮಾನ ದೆಹಲಿ ಮತ್ತು ಮುಂಬಯಿಗಳಿಗೆ ಪ್ರದರ್ಶನಕ್ಕಾಗಿ ಬಂದು ಹೋಯಿತು. ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಅವರು 2003ರಲ್ಲಿ ಬೆಂಗಳೂರಿನಿಂದ ಸಣ್ಣ ಎ.ಟಿ.ಆರ್. ವಿಮಾನಗಳೊಂದಿಗೆ ಆರಂಭಿಸಿದ್ದ ಏರ್ ಡೆಕ್ಕನ್ ಕಿಂಗ್‌ಫಿಷರ್‌ನಲ್ಲಿ ವಿಲೀನವಾಯಿತು. 2008ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರು-ಲಂಡನ್ ಹಾರಾಟ ಮೊದಲಾಯಿತು. ಒಂದು ವರ್ಷವೂ ಲಾಭ ಕಾಣದ ಸಂಸ್ಥೆ 2012ರ ಅಕ್ಟೋಬರ್‌ನಲ್ಲಿ ಹಾರಾಟ ನಿಲ್ಲಿಸಿತು. ನೌಕರರ ತಿಂಗಳುಗಳ ಸಂಬಳ ಬಾಕಿ ಉಳಿಯಿತು. ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿ 2017ರ ಜನವರಿಯಲ್ಲಿ ಬ್ಯಾಂಕುಗಳಿಗೆ 6203 ಕೋಟಿ ರೂಪಾಯಿ ಮತ್ತು ಅದರ ಬಡ್ಡಿಯನ್ನು ವಸೂಲು ಮಾಡಿಕೊಳ್ಳಲು ಆದೇಶಿಸಿತು. ಈ ಪತನಕ್ಕೆ ಎ380ರ ಬೇಡಿಕೆಯೇ ಕಾರಣವೆಂದು ಹೇಳಲಾಗದು. ಆದರೆ ವಿಮಾನ ತಯಾರಕರು ತಮ್ಮ ಯೋಜನೆಗೆ ಆಧಾರವೆಂದು ತೋರಿಸುವ ಬೇಡಿಕೆಗಳ ಪಟ್ಟಿಯಲ್ಲಿ ಇಂಥ ಹೆಸರುಗಳೂ ಇರುತ್ತವೆ ಎಂಬುದನ್ನು ಸಂಶೋಧಕರು ಮರೆಯಲಾಗದು. ಒಂದು ತಿಂಗಳ ಪ್ರಾಯದ ಸಂಸ್ಥೆಯ ಬೇಡಿಕೆಯೂ ಲೆಕ್ಕದ ಪುಸ್ತಕದಲ್ಲಿ ಬೇಡಿಕೆಯೇ.

ಬಿಡಿಭಾಗಗಳ ನೆಲೆ

ಮೂರನೆಯ ನೆಲೆ ಪೂರೈಕೆದಾರನದು. 1988ರಲ್ಲಿ ಎಚ್.ಎ.ಎಲ್. ಎ320 ವಿಮಾನದ ಮುಂಭಾಗದ ಪ್ರಯಾಣಿಕರ ಬಾಗಿಲುಗಳನ್ನು ತಯಾರಿಸುವ ಗುತ್ತಿಗೆಯನ್ನು ಪಡೆಯಿತು. ಬೃಹತ್ತಲ್ಲದ, ಒಂದೇ ನಡುದಾರಿಯ ಈ ವಿಮಾನದ ಕುಟುಂಬ ಇಂದು 12 ಸಾವಿರದ ಗಡಿ ದಾಟಿದೆ. ಎ380ರ 251ರೊಡನೆ ಹೋಲಿಸಿದಾಗ, ಸಣ್ಣ ವಿಮಾನದ ಬಾಗಿಲು ದೊಡ್ಡ ವಿಮಾನದ ರೆಕ್ಕೆಗಿಂತ ಭದ್ರವಾದ ವ್ಯಾಪಾರವಾಗಿ ಪರಿಣಮಿಸಿದ್ದು ತಿಳಿಯುತ್ತದೆ. ಬೆಂಗಳೂರಿನ ಡೈನಮ್ಯಾಟಿಕ್ ಟೆಕ್ನಾಲಜೀಸ್ 2024ರಲ್ಲಿ ಎ220 ವಿಮಾನದ ಬಾಗಿಲುಗಳ ಗುತ್ತಿಗೆ ಪಡೆದದ್ದು ಇದೇ ದಾರಿಯ ಮುಂದುವರಿಕೆ. ಏರ್‌ಬಸ್ 2007ರಲ್ಲಿ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕೇಂದ್ರವನ್ನು ತೆರೆಯಿತು. ಬೋಯಿಂಗ್‌ನ ದೊಡ್ಡ ಕೇಂದ್ರ 2024ರ ಜನವರಿಯಲ್ಲಿ ದೇವನಹಳ್ಳಿಯ ಬಳಿ ಉದ್ಘಾಟನೆಗೊಂಡಿತು.

ಈ ನೆಲೆಯ ಅನುಕೂಲ ಸ್ಪಷ್ಟ: ಮೂಲ ಬಂಡವಾಳದ ಭಾರ ಬೇರೆಯವರದು. ಇದರ ಮಿತಿಯೂ ಅಷ್ಟೇ ಸ್ಪಷ್ಟ. ಯಾವ ವಿಮಾನ ತಯಾರಾಗಬೇಕು, ಎಷ್ಟು ಕಾಲ ತಯಾರಾಗಬೇಕು ಎಂಬ ನಿರ್ಣಯದಲ್ಲಿ ಪೂರೈಕೆದಾರನಿಗೆ ಮಾತಿಲ್ಲ. ಲಾಭದ ದೊಡ್ಡ ಪಾಲೂ ಇಡೀ ವಿಮಾನದ ಹೆಸರನ್ನು ಹೊತ್ತವನಿಗೆ ಸೇರುತ್ತದೆ.

ಇಡೀ ವಿಮಾನವನ್ನು ನಾವೇ ರೂಪಿಸಬೇಕೆಂಬ ಹಂಬಲದಿಂದ ಕೋಡಿಹಳ್ಳಿಯ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ ‘ಸರಸ್’ ಎಂಬ 14 ಆಸನಗಳ ವಿಮಾನವನ್ನು ಕೈಗೆತ್ತಿಕೊಂಡಿತು. ಅದು 2004ರ ಮೇ 29ರಂದು ಮೊದಲು ಹಾರಿತು. 2009ರ ಮಾರ್ಚ್ 6ರಂದು ಎರಡನೆಯ ಮಾದರಿ ಬಿಡದಿಯ ಬಳಿ ಬಿದ್ದು ವಾಯುಪಡೆಯ ಮೂವರು ಅಧಿಕಾರಿಗಳು ಮೃತರಾದರು. ಬಹುಕಾಲ ಸ್ಥಗಿತವಾಗಿದ್ದ ಹಾರಾಟ 2018ರ ಜನವರಿಯಲ್ಲಿ ಪುನರಾರಂಭವಾಯಿತು. ಮುಂದಿನ ರೂಪವನ್ನು 19 ಆಸನಗಳಿಗೆ ವಿಸ್ತರಿಸಲಾಯಿತು. 525 ಆಸನಗಳ ವಿಮಾನಕ್ಕೆ ಒದಗಿದ ವಿಳಂಬ, ವೆಚ್ಚ, ಗ್ರಾಹಕರ ಅನಿಶ್ಚಿತತೆ ಇವೆಲ್ಲ 14 ಆಸನಗಳ ವಿಮಾನಕ್ಕೂ ಒದಗಿದವು. ಗಾತ್ರ ಅಪಾಯದ ಪ್ರಮಾಣವನ್ನು ಬದಲಿಸುತ್ತದೆಯೇ ಹೊರತು ಅದರ ಸ್ವಭಾವವನ್ನಲ್ಲ.

ಉಪಸಂಹಾರ

2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ನಿಲ್ದಾಣ ತೆರೆದು, ಎಚ್.ಎ.ಎಲ್. ನಿಲ್ದಾಣದಿಂದ ಪ್ರಯಾಣಿಕ ವಿಮಾನಗಳ ನಿಯತ ಸಂಚಾರ ನಿಂತಿತು. 2022ರ ಅಕ್ಟೋಬರ್‌ನಲ್ಲಿ ಎಮಿರೇಟ್ಸ್‌ನ ಎ380 ದೇವನಹಳ್ಳಿಯಲ್ಲಿ ಇಳಿದು ಬೆಂಗಳೂರಿಗೆ ನಿತ್ಯದ ಹಾರಾಟ ಆರಂಭಿಸಿತು. ಆ ವೇಳೆಗೆ ಅದರ ತಯಾರಿಕೆ ನಿಂತು ಹತ್ತು ತಿಂಗಳಾಗಿತ್ತು. ದುಬೈಯಂತಹ ಒಂದೇ ಕೇಂದ್ರದ ಮೂಲಕ ಎಲ್ಲರನ್ನೂ ಸಾಗಿಸುವ ಸಂಸ್ಥೆಗೆ ಲಾಭದಾಯಕವಾದ ವಿಮಾನ ಅದನ್ನು ತಯಾರಿಸಿದವರಿಗೆ ನಷ್ಟ ತಂದಿತು. ವಿಮಾನ ಚೆನ್ನಾಗಿರುವುದು ಬೇರೆ, ಅದರ ವ್ಯಾಪಾರ ಚೆನ್ನಾಗಿರುವುದು ಬೇರೆ ಎಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ.

ಮೇಲಿನ ಅವಲೋಕನದಿಂದ ಒಂದು ನಿರ್ಣಯಕ್ಕೆ ಬರಬಹುದು. ಬೃಹತ್ ವಿಮಾನದ ವಾಣಿಜ್ಯಿಕ ಅಪಾಯ ಎಂದೂ ಇಲ್ಲವಾಗುವುದಿಲ್ಲ. ಒಬ್ಬರಿಂದ ಇನ್ನೊಬ್ಬರಿಗೆ ವರ್ಗವಾಗುತ್ತದೆ. ತಯಾರಕನಿಂದ ಪೂರೈಕೆದಾರನಿಗೆ, ಖರೀದಿದಾರನಿಂದ ಬ್ಯಾಂಕಿಗೆ, ಕೊನೆಗೆ ಅದನ್ನು ಮುಂದೆ ದಾಟಿಸಲಾಗದ ಕೆಲಸಗಾರನಿಗೆ ಮತ್ತು ತೆರಿಗೆದಾರನಿಗೆ. ಸಿಯಾಟಲ್‌ನಲ್ಲಿಯೂ ಬೆಂಗಳೂರಿನಲ್ಲಿಯೂ ಇದು ಸಮಾನವಾಗಿ ಕಂಡುಬರುತ್ತದೆ.

2025ರ ಅಕ್ಟೋಬರ್‌ನಲ್ಲಿ ಎಚ್.ಎ.ಎಲ್. ರಷ್ಯಾದ ಯುನೈಟೆಡ್ ಏರ್‌ಕ್ರಾಫ್ಟ್ ಕಾರ್ಪೊರೇಷನ್ನಿನೊಡನೆ, ಸುಮಾರು ನೂರು ಆಸನಗಳ ಎಸ್.ಜೆ.-100 ವಿಮಾನದ ತಯಾರಿಕೆಗೆ ಸಂಬಂಧಿಸಿದ ಒಡಂಬಡಿಕೆಗೆ ಸಹಿ ಹಾಕಿದೆ. ಆವ್ರೋ ನಂತರ ದೇಶದಲ್ಲಿ ಇಡೀ ಪ್ರಯಾಣಿಕ ವಿಮಾನವೊಂದನ್ನು ತಯಾರಿಸುವ ಆಲೋಚನೆ ಹೀಗೆ ಮತ್ತೆ ಮುನ್ನೆಲೆಗೆ ಬಂದಿದೆ. ಅಪಾಯಕ್ಕೆ ಅಂಜಿ ವಿಮಾನ ತಯಾರಿಕೆಯನ್ನೇ ಕೈಬಿಡಬೇಕೆಂದು ಚರಿತ್ರೆ ಹೇಳುವುದಿಲ್ಲ. ಮೈಸೂರು ಸಂಸ್ಥಾನ ಅಂದು ಅಂಜಿದ್ದರೆ ವಿಮಾನಪುರವೇ ಇರುತ್ತಿರಲಿಲ್ಲ. ಆದರೆ ಹಣ ಹೂಡುವ ಮುನ್ನ ಮೂರು ಪ್ರಶ್ನೆಗಳಿಗೆ ಬರವಣಿಗೆಯಲ್ಲಿ ಉತ್ತರ ಇರಬೇಕು. ಸರ್ಕಾರದ ಅಂಗಗಳನ್ನು ಬಿಟ್ಟು ಕೊಳ್ಳುವವರು ಯಾರು, ಅವರ ಆರ್ಥಿಕ ಬಲವೆಷ್ಟು? ಎಷ್ಟು ವಿಮಾನಗಳು ಮಾರಾಟವಾದರೆ ಬಂಡವಾಳ ಮರಳುತ್ತದೆ? ಆ ಸಂಖ್ಯೆ ತಲುಪದಿದ್ದಲ್ಲಿ ನಷ್ಟ ಯಾರದು? 1940ರಲ್ಲಿ ಈ ಪ್ರಶ್ನೆಗಳಿಗೆ ಯುದ್ಧ ಉತ್ತರ ಕೊಟ್ಟಿತು. ಈಗ ಉತ್ತರಿಸಬೇಕಾದವರು ಯೋಜನೆಯನ್ನು ಮಂಜೂರು ಮಾಡುವವರೇ.